ಗಿಳಿ ಕೂತ ಅರವತ್ತು ಮನೆಗಳು

ಕಟ್ಟಡ ಪರವಾನಗಿ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬಂದು, "ಕಾಕಾ, ಈ ಕೆಲಸದಾಗ ಮೊದಲ ಏನ್ ಕಲೀಬೇಕ್ರಿ?" ಎಂದು ಕೇಳುತ್ತಾರೆ. "ಓದೂದು ಕಲೀರಿ" ಎನ್ನುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಮ್ಯಾಟ್ರಿಕ್ ಪಾಸಾಗಿ ಬಂದವರಿಗೆ ಹೀಗೆ ಹೇಳಿದರೆ ಬೇಸರವಾಗುವುದು ಸಹಜ. ನಾನೂ ಮ್ಯಾಟ್ರಿಕ್ ಪಾಸಾಗಿಯೇ ಸೇರಿದ್ದೆ, ಅಕ್ಷರವೂ ದುಂಡಗಿತ್ತು. ಆದರೂ ಓದು ಬಾರದ ಕಾರಣಕ್ಕೆ ನನ್ನ ಲಗ್ನ ಮುರಿದುಬೀಳುವುದರಲ್ಲಿತ್ತು. ಆ ಕಥೆ ಹೇಳಿದರೆ ಅವರಿಗೆ ಎಲ್ಲಾ ಕಲಿಸಿದಂತೆ ಎಂದುಕೊಂಡು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಹೇಳತೊಡಗಿದರೆ ಮನೆಯವರೇ ಎದ್ದು ಹೋಗುತ್ತಾರೆ.

ನಾನು ಸೇರಿದ್ದು ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ, ಹುಬ್ಬಳ್ಳಿಯ ಪುರಸಭೆಯಲ್ಲಿ. ಊರಿನಲ್ಲಿ ಯಾರೇ ಮನೆ ಕಟ್ಟಿಸಲಿ, ಮಾಡು ಎತ್ತರಿಸಲಿ, ಅಂತಸ್ತು ಏರಿಸಲಿ, ನಕಾಶೆ ಬರೆಸಿ ಅರ್ಜಿ ಹಾಕಬೇಕು. ಅದನ್ನು ರಜಿಸ್ಟರಿನಲ್ಲಿ ಬರೆದುಕೊಂಡು, ಸಿಕ್ಕೆ ಒತ್ತಿ, ಸಹಿ ಮಾಡಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ನನಗೆ ಕೊಟ್ಟ ಮೇಜಿಗೆ ಮೂರೇ ಕಾಲು. ನಾಲ್ಕನೆಯ ಕಾಲಿನ ಜಾಗದಲ್ಲಿ ಹಿಂದಿನ ವರ್ಷಗಳ ರಜಿಸ್ಟರು ಪೇರಿಸಿ ಇಟ್ಟಿದ್ದರು. ಯಾರಾದರೂ ಹಳೆಯ ದಾಖಲೆ ಕೇಳಿದರೆ ಮೊದಲು ಮೇಜಿನ ಮೇಲಿನ ಮಸಿ, ಕಾಗದ, ಸಿಕ್ಕೆ ಎಲ್ಲಾ ಕೆಳಗಿಳಿಸಬೇಕಾಗುತ್ತಿತ್ತು. ಹೀಗಾಗಿ ಹಳೆಯ ದಾಖಲೆ ಇಲ್ಲ ಎಂದು ಹೇಳುವುದನ್ನು ಮೊದಲ ವಾರದಲ್ಲೇ ಕಲಿತೆ.

ನಮ್ಮ ದೊಡ್ಡ ಸಾಹೇಬರು ಪುಣೆಯಲ್ಲಿ ಓದಿ ಬಂದವರು. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಚೌಕಳಿ ಕಾಗದದ ಹುಚ್ಚು. ಬಂದ ತಿಂಗಳೇ ನನ್ನನ್ನು ಕರೆದು ಹೇಳಿದರು, "ಚನ್ನಪ್ಪನವರ, ಮಳಿ ಬರೂದು ಮೋಡ ನೋಡಿದ್ರ ತಿಳೀತದ. ಹಂಗ ಊರಾಗ ಎಷ್ಟು ಮನಿ ಏಳತಾವ ಅಂಬೂದು ಅರ್ಜಿ ನೋಡಿದ್ರ ತಿಳೀಬೇಕು. ಎಷ್ಟು ಸುಣ್ಣ ಬೇಕು, ಎಷ್ಟು ಹಂಚು ಬೇಕು, ಎಷ್ಟು ಮಂದಿ ಗೌಂಡಿ ಬೇಕು, ಎಲ್ಲಾ ಮೊದಲ ಹೇಳಬಹುದು. ಇನ್ನ ಮುಂದ ನೀವು ಎಣಸ್ರಿ."

ನಾನು ಎಣಿಸತೊಡಗಿದೆ. ಪ್ರತಿ ತಿಂಗಳ ಕೊನೆಗೆ ಸಾಹೇಬರು ಆ ಸಂಖ್ಯೆಗೆ ಒಂದು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ನೀಲಿ ಗೆರೆ ಎಳೆದು, ಗೋಡೆಗೆ ತೂಗುಹಾಕುತ್ತಿದ್ದರು. ಎರಡು ತಿಂಗಳು ಗೆರೆ ಚೆನ್ನಾಗಿ ಏರಿತು. ಮೂರನೆಯ ತಿಂಗಳು ದೊಪ್ಪನೆ ನೆಲಕ್ಕೆ ಬಿತ್ತು. ಸಾಹೇಬರು ಬೆವರಿದರು.

"ಚನ್ನಪ್ಪನವರ, ಊರಾಗ ಏನರ ಬ್ಯಾನಿ ಬಂದದೇನು? ಮಂದಿ ಬಿಟ್ಟು ಹೊಂಟಾರೇನು?"

"ಇಲ್ರಿ ಸಾಹೇಬರ. ಆಷಾಢ ಬಂದದ್ರಿ."

ಮರುದಿನ ಗೆರೆಯ ಪಕ್ಕದಲ್ಲಿ ಒಂದು ಪಂಚಾಂಗ ತೂಗತೊಡಗಿತು. ಮುಂದೆ ಅಮಾವಾಸ್ಯೆಯ ದಿನ ಯಾರೂ ಅರ್ಜಿ ತರದಿದ್ದರೆ ಅವರು ಪಂಚಾಂಗ ನೋಡಿ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಇದನ್ನೆಲ್ಲ ಹೇಳಿಕೊಟ್ಟವನು ನಾನು ಎಂಬ ಜಂಬ ನನ್ನ ತಲೆಗೇರಿತು. ಮುಂದಿನ ಅನಾಹುತಕ್ಕೆ ಮೂಲ ಈ ಜಂಬವೇ.

ಆ ವರ್ಷ ತುಳಸಿ ಲಗ್ನ ಮುಗಿದದ್ದೇ ತಡ, ಅರ್ಜಿಗಳು ಕಟ್ಟುಕಟ್ಟಾಗಿ ಬರತೊಡಗಿದವು. ತರುತ್ತಿದ್ದವರು ಗೋಪಾಳ ಮಾಸ್ತರರು. ಅವರು ಯಾವುದೋ ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ಬಿಟ್ಟವರು, ದುರ್ಗದಬೈಲಿನಲ್ಲಿ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಜನರಿಗೆ ನಕಾಶೆ ಬರೆದುಕೊಡುತ್ತಿದ್ದರು. ಒಂದು ದಿನ ಹತ್ತು, ಇನ್ನೊಂದು ದಿನ ಹದಿನೈದು. ಎಲ್ಲವೂ ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವ ನಕಾಶೆ. ಸ್ಥಳಕ್ಕೆ ಹೋಗಿ ನೋಡಬೇಕಾದ ಓವರ್ಸಿಯರರಿಗೆ ಮೊಣಕಾಲು ನೋವು. ಅವರು ಕುರ್ಚಿಯಲ್ಲಿ ಕುಳಿತೇ ಸ್ಥಳ ನೋಡುತ್ತಿದ್ದರು. ನನಗೋ ಎಣಿಸುವ ಭರ. ಹೆಸರು ಓದಲು ಕೂತರೆ ಎಣಿಕೆ ತಪ್ಪುತ್ತದೆ ಎಂದು ಮೂಲೆ ಮಡಚಿ, ಸಿಕ್ಕೆ ಒತ್ತಿ, ಸಹಿ ಎಳೆದು, ಅಂಕಿ ಹಾಕಿ ಮುಂದಕ್ಕೆ ತಳ್ಳುತ್ತಿದ್ದೆ. ರಜಿಸ್ಟರಿನಲ್ಲಿ ಹೆಸರು ತುಂಬುವ ಕೆಲಸವನ್ನು ಮಾಸ್ತರರಿಗೇ ವಹಿಸಿದ್ದೆ. ಅವರ ಅಕ್ಷರ ನನಗಿಂತ ದುಂಡಗಿತ್ತು.

ಪುಷ್ಯ ಮಾಸದ ಹೊತ್ತಿಗೆ ಅರವತ್ತು ಆಯಿತು. ಸಾಹೇಬರ ನೀಲಿ ಗೆರೆ ಚೌಕಳಿ ಕಾಗದ ದಾಟಿ ಗೋಡೆಯ ಸುಣ್ಣದ ಮೇಲೆ ಹೋಯಿತು. ನಾನು ಆ ಅರವತ್ತು ನಕಾಶೆಗಳನ್ನು ಒಮ್ಮೆ ತಿರುವಿ ಹಾಕಿದೆ. ಎಲ್ಲದರಲ್ಲೂ ಮೇಲಿನ ಕಿಟಕಿಯ ಮೇಲೆ ಒಂದು ಗಿಳಿ ಕೂತಿತ್ತು. ಅದೇ ಗಿಳಿ, ಅದೇ ಕಿಟಕಿ, ಅದೇ ನಾಲ್ಕು ಕೋಣೆ. ಬುದ್ಧಿ ಇದ್ದವನಿಗೆ ಇಲ್ಲೇ ಸಂಶಯ ಬರಬೇಕಿತ್ತು. ನಾನು ವರದಿಯಲ್ಲಿ ಹೀಗೆ ಬರೆದೆ: "ನಗರದಲ್ಲಿ ಹೊಸ ಮಾದರಿಯ ಮನೆಗಳ ಬಗ್ಗೆ ಜನರಲ್ಲಿ ಅಭಿರುಚಿ ಬೆಳೆದಿದ್ದು, ಪಕ್ಷಿಗಳಿಗೂ ಅನುಕೂಲವಾಗುವಂತೆ ಕಟ್ಟಡಗಳು ಏಳಲಿವೆ." ಸಾಹೇಬರು ಅದನ್ನು ಮೆಚ್ಚಿ ಬೆಳಗಾವಿಯ ಮೇಲಿನ ಕಚೇರಿಗೆ ಕಳಿಸಿದರು.

ನನ್ನ ಲಗ್ನ ನಿಶ್ಚಯವಾಗಿದ್ದೂ ಅದೇ ಚಳಿಗಾಲದಲ್ಲಿ. ಹುಡುಗಿ ನೀಲವ್ವ, ಸ್ಟೇಷನ್ನಿನ ಹತ್ತಿರ ಹಂಚಿನ ವ್ಯಾಪಾರ ಮಾಡುತ್ತಿದ್ದ ರುದ್ರಪ್ಪ ಕಾಕಾ ಅವರ ಮಗಳು. ನಮ್ಮ ಅಪ್ಪ ತೀರಿಕೊಂಡಿದ್ದರಿಂದ ಅವ್ವ ಮತ್ತು ಸೋದರಮಾವ ಹೋಗಿ ಮಾತು ಮುಗಿಸಿ ಬಂದಿದ್ದರು. ನಾನು ಆಮೇಲೆ ಹೋಗಿ ಹುಡುಗಿಯನ್ನು ನೋಡಿದೆ. ಅವಳು ತಲೆ ತಗ್ಗಿಸಿ ಕೂರಲಿಲ್ಲ, ನೇರವಾಗಿ ನನ್ನನ್ನೇ ನೋಡಿದಳು. ನಾನೇ ತಲೆ ತಗ್ಗಿಸಿದೆ. ಅಂದಿನಿಂದ ಆ ಮನೆಯ ಕಡೆಗೆ ಏನಾದರೊಂದು ನೆಪ ಮಾಡಿಕೊಂಡು ಹೋಗುವುದು ನನ್ನ ಅಭ್ಯಾಸವಾಯಿತು. ವೈಶಾಖದಲ್ಲಿ ಲಗ್ನ ಎಂದು ಗೊತ್ತಾಗಿತ್ತು.

ಹೀಗೆ ಒಂದು ದಿನ ಹೋದಾಗ ರುದ್ರಪ್ಪ ಕಾಕಾ ಅವರ ಮುಂದೆ ದೊಡ್ಡಸ್ತಿಕೆ ತೋರಿಸಬೇಕೆನಿಸಿತು.

"ಕಾಕಾ, ಈ ಬ್ಯಾಸಗ್ಯಾಗ ಅರವತ್ತು ಮನಿ ಏಳತಾವ್ರಿ. ಎಲ್ಲಾ ಮ್ಯಾಲಿನ ಅಂತಸ್ತು. ಎಲ್ಲಾದಕ್ಕೂ ಹಂಚು ಬೇಕು."

ಕಾಕಾ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಖರೇ?"

"ಸರಕಾರಿ ಲೆಕ್ಕಾರಿ. ನಾನ ಎಣಿಸೇನಿ."

ಅವರು ಮೀಸೆಯಲ್ಲೇ ನಕ್ಕು, "ಛಲೋ ಆತು. ನಿಮ್ಮ ಮನಿ ಹಂಚಿನ ಕಾಳಜಿ ನಿಮಗ ಬ್ಯಾಡ, ಅಳ್ಯಾರ. ಅದನ್ನ ನಾ ನೋಡ್ಕೋತೇನಿ" ಎಂದರು. ನಮ್ಮ ಮನೆಗೇಕೆ ಹಂಚು ಎಂದು ನನಗೆ ತಿಳಿಯಲಿಲ್ಲ. ಉಪಚಾರದ ಮಾತಿರಬೇಕೆಂದು ನಾನೂ ನಕ್ಕೆ.

ನನ್ನ ಮಾತು ನಂಬಿ ಕಾಕಾ ತರಿಸಿದ ಹಂಚು ಮಾಘ ಮಾಸದಲ್ಲಿ ಗೂಡ್ಸ್ ಗಾಡಿಯಲ್ಲಿ ಬಂದವು. ಚಕ್ಕಡಿಗಳು ಮೂರು ದಿನ ಸ್ಟೇಷನ್ನಿಗೂ ಕಾಕಾನ ಮನೆಗೂ ನಡುವೆ ಓಡಾಡಿದವು. ಮೊದಲು ಅಂಗಡಿ ತುಂಬಿತು, ಆಮೇಲೆ ಹಿತ್ತಲು, ಆಮೇಲೆ ಮನೆಯ ಮುಂದಿನ ಅಂಗಳ. ಆಳೆತ್ತರದ ಸಾಲುಗಳ ನಡುವೆ ಸಣ್ಣ ಸಣ್ಣ ಓಣಿಗಳಾದವು. ನೀಲವ್ವ ಕೊಡ ಹೊತ್ತುಕೊಂಡು ಅಡ್ಡಡ್ಡ ನಡೆದು ಹೋಗುತ್ತಿದ್ದಳು. ಕಾಕಾ ಸ್ವಲ್ಪ ದಪ್ಪ. ಅವರು ತಮ್ಮದೇ ಮುಂಬಾಗಿಲಿಗೆ ಹೋಗಲು ಪಕ್ಕದವರ ಹಿತ್ತಲು ಹಾದು ಬರಬೇಕಾಗಿತ್ತು.

ಫಾಲ್ಗುಣ ಬಂತು, ಹೋಳಿ ಮುಗಿಯಿತು, ಯುಗಾದಿಯೂ ಬಂತು. ಒಬ್ಬರೂ ಹಂಚು ಕೇಳಲು ಬರಲಿಲ್ಲ. ಕಾಕಾ ನನ್ನನ್ನು ಕರೆಸಿದರು. ಕೂರಲು ಬೇರೆ ಜಾಗವಿಲ್ಲದೆ ಒಂದು ಸಾಲಿನ ಮೇಲೆ ಹತ್ತಿ ಕುಳಿತಿದ್ದರು.

"ಅಳ್ಯಾರ, ಅರವತ್ತು ಮನಿ ಎಲ್ಲೆದಾವ್ರಿ?"

"ಏಳತಾವ್ರಿ ಕಾಕಾ. ಸ್ವಲ್ಪ ತಡಾ ಆಗೇತಿ."

"ನೋಡ್ರಿ, ಲಗ್ನದ ಹಂದರ ಹಾಕೂದು ಇದ ಅಂಗಳದಾಗ. ನಮ್ಮ ಮನಿತನದಾಗ ಹೆಣ್ಣಿನ ಹಂದರ ಬ್ಯಾರೇ ಕಡೆ ಎಂದೂ ಎದ್ದಿಲ್ಲ. ಈ ಹಂಚು ಏಳೂ ತನಕಾ ಹಂದರಾನೂ ಏಳಂಗಿಲ್ಲ. ಹಂದರ ಇಲ್ಲಂದ್ರ ಲಗ್ನಾನೂ ಇಲ್ಲ. ನೀವ ಎಣಿಸೀರಿ, ನೀವ ಹುಡಕಿ ಕೊಡ್ರಿ."

ಲಗ್ನಕ್ಕೆ ಇದ್ದುದು ಒಂದು ತಿಂಗಳು. ಒಂದು ದಿನದ ರಜೆ ಹಾಕಿ, ಮಾಸ್ತರರು ತುಂಬಿದ ರಜಿಸ್ಟರಿನಿಂದ ಮೊದಲಿನ ಕೆಲವು ವಿಳಾಸ ಬರೆದುಕೊಂಡು, ಅರವತ್ತು ಮನೆಗಳ ಹುಡುಕಾಟವನ್ನು ಹಳೇ ಹುಬ್ಬಳ್ಳಿಯಿಂದ ಶುರುಮಾಡಿದೆ.

ಕತ್ತೆತ್ತಿ ಮಾಳಿಗೆಗಳನ್ನೇ ನೋಡುತ್ತ ನಡೆದವನು ಒಂದು ಓಣಿಯ ತಿರುವಿನಲ್ಲಿ ಉಸುಕಿನ ಗುಡ್ಡೆ ಎಡವಿ ಅದರೊಳಗೇ ಬಿದ್ದೆ. ಮೂಗು ಬಾಯಿ ಎಲ್ಲಾ ಉಸುಕು. ಮನೆಯೊಳಗಿಂದ ಒಬ್ಬರು ಕಾಗದ ಹಿಡಿದು ಓಡಿ ಬಂದರು. "ಪರವಾನಗಿ ಐತ್ರಿ, ಪರವಾನಗಿ ಐತಿ! ರಸ್ತಾದ ಮ್ಯಾಲ ಉಸುಕು ಹಾಕಾಕ ತಗೊಂಡೇನ್ರಿ!" ಬಿದ್ದವನನ್ನು ಎಬ್ಬಿಸುವ ಮೊದಲು ಕಾಗದ ತೋರಿಸಿದರು. ಅವರ ಮನೆ ನನ್ನ ಪಟ್ಟಿಯಲ್ಲಿರಲಿಲ್ಲ. ನಾನು ಉಗುಳಿಕೊಳ್ಳುತ್ತ ಮುಂದೆ ನಡೆದೆ. ದೇವರು ಉತ್ತರವನ್ನು ಬಾಯಿಗೇ ತುರುಕಿದ್ದರೂ ನನಗೆ ತಿಳಿಯಲಿಲ್ಲ.

ಪಟ್ಟಿಯ ಮೊದಲ ಮನೆಯಲ್ಲಿ ಒಬ್ಬ ಮುದುಕರು ಕಟ್ಟೆಯ ಮೇಲೆ ಕುಳಿತಿದ್ದರು. ಮೇಲಿನ ಅಂತಸ್ತು ಯಾವಾಗ ಎಂದು ಕೇಳಿದೆ.

"ಯಾವ ಅಂತಸ್ತರಿ?"

"ಪರವಾನಗಿ ತಗೊಂಡೀರಲ್ರಿ. ಗಿಳಿ ಇದ್ದದ್ದು."

"ಓ ಅದಾ! ಅದರ ಕೆಲಸ ಮುಗೀತಲ್ರಿ. ಮಗಂದು ಮಾತುಕತಿ ಗಟ್ಟಿ ಆತು. ಹೆಣ್ಣಿನವರು ಕಾಗದ ನೋಡಿ ಭಾಳ ಖುಷಿ ಆದರು. ಬೇಕಂದ್ರ ವಾಪಸ್ ಒಯ್ರಿ."

ಎರಡನೆಯ ಮನೆಯಲ್ಲಿ ನಕಾಶೆಗೆ ಕಟ್ಟು ಹಾಕಿಸಿ, ಕುಂಕುಮ ಹಚ್ಚಿ, ಗೋಡೆಗೆ ತೂಗುಹಾಕಿದ್ದರು. ನನ್ನ ಸಹಿಯ ಮೇಲೆ ಒಂದು ಹೂವೂ ಇತ್ತು. ಮೂರನೆಯ ಮನೆಯಲ್ಲಿ ನಕಾಶೆಯೇ ಇರಲಿಲ್ಲ. ಅಮ್ಮಿನಬಾವಿ ಎಂಬ ಹಳ್ಳಿಯಲ್ಲಿದ್ದ ತಮ್ಮನ ಮಗನಿಗೆ ಹೆಣ್ಣು ಹುಡುಕುತ್ತಿದ್ದರಂತೆ. ಅಲ್ಲಿಗೆ ಕೊಟ್ಟು ಕಳಿಸಿದ್ದರು. "ಹದಿನೈದು ದಿನದಾಗ ಬರತೇತ್ರಿ. ಆಮ್ಯಾಲ ನಮ್ಮ ಬೀಗರಿಗೆ ಬೇಕಂತ" ಎಂದು ಆ ಮನೆಯ ಯಜಮಾನಿ ಹೇಳಿದರು. ನಾಲ್ಕನೆಯ ಮನೆಗೆ ನಾನು ಹೋಗಲಿಲ್ಲ. ನೇರ ದುರ್ಗದಬೈಲಿಗೆ ಹೋಗಿ ಗೋಪಾಳ ಮಾಸ್ತರರ ಮುಂದೆ ನಿಂತೆ.

ಮಾಸ್ತರರಿಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ. "ನಾನೇನು ಮನಿ ಕಟ್ಟಸ್ತೇನಂದೇನೇನು? ಕಾಗದ ಬರದು ಕೊಡ್ತೇನಿ. ಸಿಕ್ಕಾ ಬಿದ್ದ ನಕಾಶಿ ತೋರಿಸಿದ್ರ ಹೆಣ್ಣಿನವರಿಗೆ ಧೈರ್ಯ ಬರತದ. ಗಿಳಿ ಕುಂತದ್ದು ಇನ್ನೂ ಶುಭ. ಅದಕ್ಕ ನಾ ಬ್ಯಾರೇ ತಗೊಳ್ಳಂಗಿಲ್ಲ."

ತುಳಸಿ ಲಗ್ನ ಆದ ಮೇಲೆ ಅರ್ಜಿ ಏಕೆ ಏರಿದವು ಎಂಬುದು ಆಗ ಹೊಳೆಯಿತು. ಆಷಾಢ ಕಂಡುಹಿಡಿದ ಪಂಡಿತನಿಗೆ ಲಗ್ನದ ಹಂಗಾಮು ಕಾಣಿಸಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೂ ಇದನ್ನೆಲ್ಲ ಹೇಳಿದರೆ ಕಾಕಾ ನಕ್ಕು ಬಿಟ್ಟಾರು ಎಂಬ ಆಸೆ ಇತ್ತು.

ಕಾಕಾ ನಿಜಕ್ಕೂ ನಕ್ಕರು. ಅವರು ನಗುತ್ತಿದ್ದರೆ ಕೆಳಗಿನ ಹಂಚು ಕಟಕಟ ಎನ್ನುತ್ತಿದ್ದವು. "ಎಂಥಾ ಮಂದೀರಿ ಇವರು! ಗಿಳಿ ತೋರಿಸಿ ಹೆಣ್ಣು ಕೇಳತಾರ! ಅದನ್ನ ನಂಬಿ ಕೊಡೂ ಹುಚ್ಚರೂ ಅದಾರಲ್ರಿ ಊರಾಗ!" ಎಂದು ಕಣ್ಣೊರೆಸಿಕೊಂಡರು. ಹಾಗೆ ಒರೆಸಿಕೊಳ್ಳುತ್ತ ಇದ್ದಕ್ಕಿದ್ದಂತೆ ಸುಮ್ಮನಾದರು. ಮೆಲ್ಲಗೆ ಇಳಿದು, ಪಕ್ಕದವರ ಹಿತ್ತಲು ಹಾದು ಒಳಗೆ ಹೋಗಿ, ಅದೇ ದಾರಿಯಿಂದ ಒಂದು ಮಡಿಚಿದ ಕಾಗದ ಹಿಡಿದು ಬಂದರು.

"ಇದು ಯಾರ ಸಹಿರಿ?"

ಗಿಳಿ ಕಿಟಕಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. "ನಂದರಿ."

"ಮನಿ ಯಾರದ್ರಿ?"

ಜೀವನದಲ್ಲಿ ಮೊದಲ ಸಲ ನಾನು ಸಹಿ ಮಾಡಿದ ಕಾಗದ ಓದಿದೆ. ನಮ್ಮ ಓಣಿ, ನಮ್ಮ ಮನೆ ನಂಬರು, ಅವ್ವನ ಹೆಸರು. ಸೋದರಮಾವ ಗೋಪಾಳ ಮಾಸ್ತರರಿಂದ ಬರೆಸಿ ಕಟ್ಟಿನಲ್ಲಿ ಸೇರಿಸಿ ಕಳಿಸಿದ್ದ. ಅರವತ್ತರಲ್ಲಿ ಒಂದು ನನ್ನದೇ ಮನೆ. ನಾನೇ ಸಿಕ್ಕೆ ಒತ್ತಿ, ನಾನೇ ಎಣಿಸಿ, ನಾನೇ ಜಂಬ ಕೊಚ್ಚಿದ್ದೆ. ನಮ್ಮ ಮನೆಯ ಹಂಚಿನ ಕಾಳಜಿ ಏಕೆಂದು ಈಗ ಅರ್ಥವಾಯಿತು.

"ಕಾಕಾ, ನನ್ನಾಣಿ ನನಗ ಗೊತ್ತಿದ್ದಿಲ್ರಿ."

"ನಿಮ್ಮ ಸಹಿ ಮಾಡಿದ್ದು ನಿಮಗ ಗೊತ್ತಿಲ್ಲ? ಹಂಗಾರ ನಿಮ್ಮ ಮ್ಯಾಲಿನ ಅಂತಸ್ತೂ ಬರಂಗಿಲ್ಲ?"

ಸುಳ್ಳು ತೋರಿಸಿ ಹೆಣ್ಣು ಕೇಳಿದ ಮನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಅದು ಇರಲಿ, ನೀಲವ್ವ ನನ್ನ ಬಗ್ಗೆ ಏನು ತಿಳಿದಾಳು ಎಂಬುದೇ ನನ್ನ ಚಿಂತೆಯಾಯಿತು. ಆಗ ನಾಲ್ಕನೆಯ ಸಾಲಿನ ಹಿಂದಿನಿಂದ ಅವಳ ದನಿ ಕೇಳಿಸಿತು. ಅವಳು ಕಾಣುತ್ತಿರಲಿಲ್ಲ. ಕೊಡದ ಬಾಯಿ ಮಾತ್ರ ಹಂಚಿನ ಮೇಲೆ ಇಣುಕುತ್ತಿತ್ತು.

"ಅಪ್ಪಾ, ಆ ಮನಿಗೆ ಮೆಟ್ಟಲಾ ಇಲ್ಲ."

"ಏನಂದಿ?"

"ಕೆಳಗ ನಾಕ ಖೋಲಿ ಬರದಾರ, ಮ್ಯಾಲ ನಾಕ ಖೋಲಿ ಬರದಾರ. ಹತ್ತೂದು ಹೆಂಗ? ಗಿಳಿ ಹಾರಿ ಹೋದೀತು, ಮನಷ್ಯಾರು ಹೆಂಗ ಹೋಗತಾರ? ಕಟ್ಟೂ ಮಂದಿ ಇಂಥಾದ್ದು ಬರಸಂಗಿಲ್ಲ. ಇವರ ಅವ್ವ ತಂದು ತೋರಿಸಿದ ದಿನಾನ ನಾ ನೋಡಿದ್ದೆ."

ನಾನೂ ಕಾಕಾನೂ ಒಟ್ಟಿಗೆ ನಕಾಶೆಯ ಮೇಲೆ ಬಗ್ಗಿದೆವು. ತಲೆಗೆ ತಲೆ ಬಡಿಯಿತು. ಮೆಟ್ಟಿಲು ಇರಲಿಲ್ಲ. ಸಾಹೇಬರು, ಓವರ್ಸಿಯರರು, ನಾನು, ಮೂವರು ಅರವತ್ತು ಸಲ ಮಂಜೂರು ಮಾಡಿದ ನಕಾಶೆಗೆ ಮೆಟ್ಟಿಲೇ ಇರಲಿಲ್ಲ.

"ಮತ್ತ ಅವತ್ತ ಯಾಕ ಹೇಳಲಿಲ್ಲವಾ?" ಕಾಕಾ ಕೇಳಿದರು.

ಕೊಡ ಒಂದು ಹೆಜ್ಜೆ ಹಿಂದೆ ಸರಿಯಿತು. "ನಾ ಒಪ್ಪಿದ್ದು ಮನೀನ ಅಲ್ಲಲ್ಲಾ" ಎಂದಳು.

ನಾನು ಇದ್ದಲ್ಲೇ ಕುಳಿತುಬಿಟ್ಟೆ. ಎರಡು ಹಂಚು ಒಡೆದವು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಹಂಚಿನ ದಾರಿಯನ್ನೂ ಅವಳೇ ಹೇಳಿದಳು. "ಎಲ್ಲೂ ಒಯ್ಯೂದು ಬ್ಯಾಡ. ಮಂದಿ ಕೂಡಾಕ ಜಗಲಿಯಂಗ ಒಟ್ರಿ. ಮ್ಯಾಲ ಜಮಖಾನಿ ಹಾಸ್ರಿ. ಹಂದರ ಅದರ ಮ್ಯಾಲ ಹಾಕ್ರಿ." ಕಾಕಾ ಮೀಸೆ ಎಳೆದುಕೊಂಡು ಬಹಳ ಹೊತ್ತು ಅಂಗಳ ನೋಡಿದರು, ಕೊನೆಗೆ ಹೂಂ ಎಂದರು. ನಮ್ಮ ಲಗ್ನ ಹಂಚಿನ ಮೇಲೆಯೇ ಆಯಿತು. ದಪ್ಪನೆಯ ಬೀಗರು ಕುಳಿತಾಗಲೆಲ್ಲ ಜಮಖಾನೆಯ ಕೆಳಗಿನಿಂದ ಕಟಕ್ ಎಂಬ ಶಬ್ದ ಬರುತ್ತಿತ್ತು, ಕಾಕಾ ಮುಖ ಕಿವುಚುತ್ತಿದ್ದರು. ಇಷ್ಟು ಎತ್ತರದ ಜಗಲಿ ಯಾರ ಲಗ್ನದಲ್ಲೂ ನೋಡಿಲ್ಲವೆಂದು ಬಂದವರೆಲ್ಲ ಹೊಗಳಿ ಹೋದರು.

ಇನ್ನು ಕಚೇರಿಯ ಪಾಡು. ಲಗ್ನದ ಮರುವಾರ ಸಾಹೇಬರ ಮುಂದೆ ಎಲ್ಲಾ ಒಪ್ಪಿಕೊಂಡೆ. ಅವರು ಗೋಡೆಯ ಸುಣ್ಣದ ಮೇಲಿನ ಗೆರೆಯನ್ನು ನೋಡುತ್ತ, "ಬೆಳಗಾವಿಗೆ ಏನಂತ ಬರೀಲಿ? ಮನಿ ಹಾರಿ ಹೋದವು ಅಂತನೇನು?" ಎಂದರು. ಇಬ್ಬರೂ ಸೇರಿ, "ಅರ್ಜಿದಾರರ ಕೌಟುಂಬಿಕ ಕಾರಣಗಳಿಂದ ಕಾಮಗಾರಿಗಳು ಮುಂದೂಡಲ್ಪಟ್ಟಿವೆ" ಎಂದು ಬರೆದು ಕಳಿಸಿದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಕಥೆಯನ್ನು ನೀಲವ್ವನಿಗೆ ಹೇಳುವಾಗ ಉಸುಕಿನ ಗುಡ್ಡೆಯಲ್ಲಿ ಬಿದ್ದದ್ದನ್ನೂ ಹೇಳಿದ್ದೆ. ಅವಳು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಕೇಳಿದಳು, "ಅಲ್ರಿ, ಲಗ್ನಕ್ಕಂತ ಉಸುಕು ಯಾರು ತರಸ್ತಾರ?" ನಾನು ಮರುದಿನವೇ ಪಕ್ಕದ ಕೋಣೆಗೆ ಓಡಿದೆ. ರಸ್ತೆಯ ಮೇಲೆ ಕಲ್ಲು, ಉಸುಕು ಹಾಕಿಕೊಳ್ಳಲು ಅಲ್ಲಿ ಬೇರೆ ಪರವಾನಗಿ ಕೊಡುತ್ತಿದ್ದರು. ಆ ಗುಮಾಸ್ತರು ತಮ್ಮ ರಜಿಸ್ಟರನ್ನು ಬೀಸಣಿಗೆ ಮಾಡಿಕೊಂಡಿದ್ದರು. ಬಿಡಿಸಿ ನೋಡಿದರೆ ಆ ಬೇಸಿಗೆಯಲ್ಲಿ ಬರೆದದ್ದು ಹನ್ನೊಂದೇ ಹೆಸರು. ಹನ್ನೊಂದು ಕಡೆಗೂ ಹೋಗಿ ನೋಡಿದೆ. ಹನ್ನೊಂದು ಕಡೆಯೂ ಗೌಂಡಿಗಳು ಗೋಡೆ ಕಟ್ಟುತ್ತಿದ್ದರು. ಕಾಕಾನ ಹಂಚು ಮೊದಲು ಹೋಗಿದ್ದು ಆ ಹನ್ನೊಂದು ಮನೆಗಳಿಗೆ.

ಅಂದಿನಿಂದ ಸಾಹೇಬರ ಕಾಗದದ ಮೇಲೆ ಎರಡು ಗೆರೆ ಬಂದವು. ನಕಾಶೆಯ ಅರ್ಜಿಗೆ ನೀಲಿ, ಉಸುಕಿನ ಅರ್ಜಿಗೆ ಕೆಂಪು. ಸುದ್ದಿ ಊರಿಗೆ ಹಬ್ಬಿತು. ಕೆಂಪು ಗೆರೆ ನೋಡಲು ಗೌಂಡಿಗಳು, ಸುಣ್ಣದವರು ಬರುತ್ತಿದ್ದರು. ನೀಲಿ ಗೆರೆ ನೋಡಲು ಲಗ್ನದಲ್ಲಿ ಬಾಜಾ ಬಾರಿಸುವ ವಾಜಂತ್ರಿಯವರು ಬರುತ್ತಿದ್ದರು. ಗೆರೆ ಏರಿದ್ದರೆ ಬಾಗಿಲಲ್ಲೇ ಒಂದು ಸಲ ಸನಾದಿ ಊದಿ ಹೋಗುತ್ತಿದ್ದರು. ಸಾಹೇಬರಿಗೆ ಅದರಿಂದ ಬಹಳ ಸಮಾಧಾನವಾಗುತ್ತಿತ್ತು.

ಎರಡನೆಯ ಜಾಗತಿಕ ಲಡಾಯಿಯ ಕಾಲದಲ್ಲಿ ಸಿಮೆಂಟಿಗೆ ಕಂಟ್ರೋಲು ಬಂದು, ಪರವಾನಗಿ ಇದ್ದವರಿಗಷ್ಟೇ ಅದು ಸಿಗುವಂತಾದಾಗ ಅರ್ಜಿಗಳು ಮತ್ತೆ ಏರಿದವು. ಒಬ್ಬರ ನಕಾಶೆಯಲ್ಲಿ ಮನೆಗಿಂತ ನೀರಿನ ತೊಟ್ಟಿ ದೊಡ್ಡದಿತ್ತು. ನಾನು ಮನೆಗೆ ಹೋಗಿ ಇದನ್ನು ವರ್ಣಿಸಿದೆ. "ಅವರಿಗೆ ಸಿಮೆಂಟ ಬೇಕಾಗೇತಿ, ಮನಿ ಅಲ್ಲ" ಎಂದು ನೀಲವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ಇಷ್ಟು ವರ್ಷ ನಾನು ಕಚೇರಿಯಲ್ಲಿ ಹುಷಾರು ಮನುಷ್ಯ ಎನಿಸಿಕೊಂಡದ್ದು ಹೀಗೆ.

ಲಡಾಯಿ ಮುಗಿದು ಎರಡು ವರ್ಷಕ್ಕೆ ನಮ್ಮ ಹಿರಿಯ ಮಗನಿಗೆ ಹೆಣ್ಣು ನೋಡತೊಡಗಿದೆವು. ನೋಡಲು ಬರುವವರ ಕಣ್ಣಿಗೆ ನಮ್ಮ ಮನೆ ಚಿಕ್ಕದು. ಹೇಳಲು ನಾಚಿಕೆಯಾಗುತ್ತದೆ, ನನಗೆ ಹಳೆಯ ನಕಾಶೆಯ ನೆನಪಾಯಿತು. ಕಾಕಾ ಅದನ್ನು ಅಂದೇ ಮಗಳ ಕೈಗೆ ಕೊಟ್ಟಿದ್ದರು, ಅದು ಅವಳ ಟ್ರಂಕಿನಲ್ಲಿತ್ತು. ಅವಳು ಹಿತ್ತಲಲ್ಲಿದ್ದಾಗ ತೆಗೆದು ಬಿಡಿಸಿದೆ. ಗಿಳಿ ಸ್ವಲ್ಪ ಹಳದಿಯಾಗಿತ್ತು. ಅದರ ಕೆಳಗೆ, ಪಡಸಾಲೆಯ ಮೂಲೆಯಿಂದ ಮೇಲಿನ ಕೋಣೆಯವರೆಗೆ, ಯಾರೋ ಪೆನ್ಸಿಲಿನಿಂದ ಮೆಟ್ಟಿಲು ಬರೆದಿದ್ದರು. ಸೊಟ್ಟ ಸೊಟ್ಟ ಗೆರೆ, ಆದರೆ ಅಳತೆ ಸರಿಯಿತ್ತು. ಹದಿನಾರು ಮೆಟ್ಟಿಲು.

ಬಾಗಿಲಲ್ಲಿ ನೀಲವ್ವ ನಿಂತಿದ್ದಳು.

"ಇದು ಯಾವಾಗ ಬರದಿ?"

"ಲಗ್ನ ಆದ ವರ್ಷ."

"ಒಂದ ಮಾತು ಹೇಳಬಾರದಾಗಿತ್ತೇನ?"

"ದಿನಾ ಮಂದೀ ನಕಾಶಿ ನೋಡತೀರಿ. ಎಂದರ ಒಂದ ದಿನ ಇದನ್ನೂ ನೋಡತೀರಿ ಅಂತ ಮಾಡಿದ್ದೆ."

ಇಪ್ಪತ್ತು ವರ್ಷ ಊರಿನ ಮನೆಗಳನ್ನೆಲ್ಲ ಎಣಿಸಿದವನು ನನ್ನ ಮನೆಯ ನಕಾಶೆಯನ್ನೇ ನೋಡಿರಲಿಲ್ಲ. ಮರುದಿನ ಕಚೇರಿಗೆ ಹೋದವನು ನನ್ನ ಮೇಜಿಗೆ ಹೋಗಲಿಲ್ಲ. ಪಕ್ಕದ ಕೋಣೆಗೆ ಹೋಗಿ, ನಮ್ಮ ಓಣಿಯಲ್ಲಿ ಎರಡು ಚಕ್ಕಡಿ ಉಸುಕು ಹಾಕಲು ಅಪ್ಪಣೆ ಬೇಕೆಂದು ಅರ್ಜಿ ಬರೆದು, ಸಹಿ ಮಾಡುವ ಮುಂಚೆ ಎರಡು ಸಲ ಓದಿ ಕೊಟ್ಟೆ. ಅಲ್ಲಿಯ ಗುಮಾಸ್ತರು ಬೀಸಿಕೊಳ್ಳುತ್ತಿದ್ದ ರಜಿಸ್ಟರನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಏನ್ರಿ ಚನ್ನಪ್ಪನವರ, ಖರೇನ ಕಟ್ಟಸಾಕತ್ತೀರಿ?"